ಮೂರು ಬೇಸಿಗೆ ಓಡಿದ ಉಕ್ಕಿನ ಟೂರಿಂಗ್ ಸೈಕಲ್: ಆನೆಗೊಂದಿಯ ಬಂಡೆಗಳಿಂದ ಸಂಡೂರಿನ ಏರಿನವರೆಗೆ

ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ) ಉಕ್ಕಿನ ಫ್ರೇಮು, 700×38 (38 ಮಿ.ಮೀ. ಅಗಲದ) ಟಯರು, ಮುಂದೆ ಪೆಡಲಿನ ಬಳಿ 50-39-30 ಹಲ್ಲಿನ ಮೂರು ಚಕ್ರ, ಹಿಂದೆ 11ರಿಂದ 32 ಹಲ್ಲಿನವರೆಗಿನ ಒಂಬತ್ತು ಗೇರು, ಕೇಬಲ್ಲಿನ ಡಿಸ್ಕ್ ಬ್ರೇಕು, 36 ಸ್ಪೋಕಿನ ಗಾಲಿ, ಹಿಂದೊಂದು ಕ್ಯಾರಿಯರ್. ಈ ಲೆಕ್ಕದ ಸೈಕಲ್ಲನ್ನು ನಾಲ್ಕಾರು ಕಂಪನಿಗಳು ಮಾರುತ್ತವೆ. ಮೇಲಿನ ಸ್ಟಿಕ್ಕರ್ ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚೂಕಡಿಮೆ ಒಂದೇ. ಅದಕ್ಕೆ ಹೆಸರು ಬಿಟ್ಟು ಸಾಮಾನಿನ ಮಾತನ್ನೇ ಆಡುವುದು ವಾಸಿ. ಹಿಂದೆ ಎರಡು ಚೀಲ, ಒಟ್ಟು 15 ಕೆ.ಜಿ. ಹೊರೆ. ಓಡಿದ್ದು ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ, ನಡುವೆ ಹೊಳೆ ದಾಟಿ ಹಂಪಿ, ಕಮಲಾಪುರದ ಕಡೆಗೂ.

ಮೊದಲೇ ಹೇಳಿಬಿಡುತ್ತೇವೆ: ಫ್ರೇಮು ಗಟ್ಟಿ, ಅದರ ಬಗ್ಗೆ ತಕರಾರಿಲ್ಲ. ಅಂಗಡಿಯಿಂದ ಬಂದ ಗೇರು ನಮ್ಮ ಏರುಗಳಿಗೆ ಆಗಿಬರುವುದಿಲ್ಲ. ಟಯರನ್ನು ಮೊದಲ ವಾರವೇ ಬದಲಿಸಬೇಕು.

ಗೇರಿನ ಲೆಕ್ಕ ಹೀಗಿದೆ. ಮುಂದೆ 30, ಹಿಂದೆ 32 ಹಲ್ಲಿಗೆ ಹಾಕಿದರೆ ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 2.03 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7.3 ಕಿ.ಮೀ. ಸಂಡೂರಿನಿಂದ ಕುಮಾರಸ್ವಾಮಿ ಬೆಟ್ಟಕ್ಕೆ ಹೊರೆ ಹೊತ್ತು ಹತ್ತುವಾಗ ಅಷ್ಟು ವೇಗ ಉಳಿಯುವುದಿಲ್ಲ. ಸುತ್ತು 45ಕ್ಕೆ ಇಳಿಯುತ್ತದೆ, ಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ. ಮುಂದಿನ ಸಣ್ಣ ಚಕ್ರದ ಐದು ಬೋಲ್ಟು ಕೂರುವ ವೃತ್ತದ ಅಡ್ಡಳತೆ 74 ಮಿ.ಮೀ. ಆಗಿದ್ದರೆ 30 ಹಲ್ಲಿನದನ್ನು ತೆಗೆದು 26 ಹಲ್ಲಿನದು ಹಾಕಿಸಿ. ಆ ಅಳತೆಗೆ 24ರವರೆಗೂ ಕೂರುತ್ತದೆ. 26ಕ್ಕೆ ಬಂದರೆ ಒಂದು ಸುತ್ತಿಗೆ 1.76 ಮೀಟರ್. ಅದೇ 60 ಸುತ್ತಿಗೆ 6.3 ಕಿ.ಮೀ. ವೇಗ, ಕೂತೇ ಹತ್ತಬಹುದು.

ಇದಕ್ಕೂ ಒಂದು ದಂಡ ತೆರಬೇಕು. 50 ಮತ್ತು 26ರ ನಡುವೆ 24 ಹಲ್ಲಿನ ಅಂತರ ಬರುವುದರಿಂದ ಮುಂದಿನ ಗೇರು ಬದಲಿಸುವಾಗ ಚೈನು ತಡವರಿಸುತ್ತದೆ, ಅವಸರದಲ್ಲಿ ಇಳಿಸಿದರೆ ಒಳಗಡೆಗೆ ಜಾರಿ ಬೀಳುತ್ತದೆ. ಸೀಟಿನ ಕೊಳವೆಗೆ ಕಟ್ಟುವ ಚೈನ್ ತಡೆ ಸಣ್ಣ ಸಾಮಾನು, ಮರೆಯದೆ ಹಾಕಿಸಿ. ಮುಂದೆ ಸಣ್ಣದು, ಹಿಂದೆಯೂ ಸಣ್ಣದು ಎಂಬ ಜೋಡಿಯಲ್ಲಿ ಚೈನು ಜೋತು ಬೀಳುತ್ತದೆ. ಆ ಗೇರು ಇಲ್ಲವೆಂದೇ ತಿಳಿಯಿರಿ. ಏರು ಶುರುವಾಗುವ ಮೊದಲೇ ಸಣ್ಣ ಚಕ್ರಕ್ಕೆ ಇಳಿಸಿಕೊಳ್ಳಿ, ನಡು ಏರಿನಲ್ಲಿ ಒತ್ತಿ ತುಳಿಯುತ್ತ ಬದಲಿಸಿದರೆ ಬೀಳುವುದು ಖಾತ್ರಿ.

ಇನ್ನು ಮುಳ್ಳು. ಹೆಸರು ಬಳ್ಳಾರಿ ಜಾಲಿ, ಗಿಡ ಬಂದಿದ್ದು ಮಾತ್ರ ಅಮೆರಿಕ ಖಂಡದಿಂದ. ಕಾಲುವೆ ದಂಡೆಯಲ್ಲಿ, ಊರ ಹೊರಗಿನ ಕಚ್ಚಾ ದಾರಿಯಲ್ಲಿ ಜಾಲಿ ಕಡಿದು ಎಳೆದ ಗುರುತು ಕಂಡರೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ಅದರ ಮುಳ್ಳು ಟಯರಿನೊಳಗೆ ತುದಿ ಮುರಿದು ಉಳಿಯುತ್ತದೆ. ಪಂಚರ್ ಹಾಕಿ ಗಾಳಿ ತುಂಬಿದ ಹತ್ತೇ ನಿಮಿಷಕ್ಕೆ ಟ್ಯೂಬು ಅದೇ ಜಾಗದಲ್ಲಿ ಮತ್ತೆ ಕುಸಿಯುವುದು ಇದರಿಂದಲೇ. ಬೆರಳಾಡಿಸಿ ಹುಡುಕಬೇಡಿ, ಬೆರಳಿಗೆ ಚುಚ್ಚುತ್ತದೆ, ಸಣ್ಣ ತುದಿ ಸಿಗುವುದೂ ಇಲ್ಲ. ಒಂದು ಹಿಡಿ ಹತ್ತಿಯನ್ನು ಟಯರಿನ ಒಳಮೈಗೆ ನಿಧಾನ ಸವರುತ್ತ ಹೋಗಿ. ಮುಳ್ಳಿದ್ದಲ್ಲಿ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಸಣ್ಣ ಇಕ್ಕಳದಿಂದ ಹೊರಗಿನಿಂದಲೇ ಎಳೆಯಿರಿ, ಬರದಿದ್ದರೆ ಒಳಗಿನಿಂದ ಸ್ಪೋಕಿನ ತುದಿಯಲ್ಲಿ ತಳ್ಳಿ. ನೆಗ್ಗಿಲು ಮುಳ್ಳು ಬೇರೆ ಬಗೆ: ಹೇಗೆ ಬಿದ್ದರೂ ಒಂದು ಮೊನೆ ಮೇಲೇ ಇರುತ್ತದೆ, ಒಮ್ಮೆಗೇ ಮೂರು ನಾಲ್ಕು ತೂತು ಮಾಡುತ್ತದೆ. ಟ್ಯೂಬನ್ನು ನೀರಲ್ಲಿ ಪೂರ್ತಿ ಒಂದು ಸುತ್ತು ನೋಡದೆ ಪಂಚರ್ ಮುಗಿಯಿತು ಅನ್ನಬೇಡಿ.

ಸೈಕಲ್ ಜೊತೆ ಬರುವ ತೆಳು ಟಯರಿಗೆ ಈ ಎರಡನ್ನೂ ತಡೆಯುವ ಶಕ್ತಿ ಇಲ್ಲ. ಒಳಗೆ ದಪ್ಪ ರಬ್ಬರಿನ ಪದರವಿರುವ ಟೂರಿಂಗ್ ಟಯರ್ ಭಾರ, ಬೆಲೆಯೂ ಜಾಸ್ತಿ. ಆದರೂ ಅದೇ ಸರಿ. ಗಾಳಿ ಹಿಂದೆ 55ರಿಂದ 60, ಮುಂದೆ 45ರಿಂದ 50 ಪಿ.ಎಸ್.ಐ. ಟ್ಯೂಬ್‌ಲೆಸ್ ಮಾಡಿಸಿ ಒಳಗೆ ತೂತು ಮುಚ್ಚುವ ದ್ರವ ಹಾಕುವುದೂ ಒಂದು ದಾರಿ, ಆದರೆ ರಾಯಚೂರಿನ ಏಪ್ರಿಲ್ ಬಿಸಿಲಿಗೆ ಅದು ಬೇಗ ಒಣಗಿ ಚಕ್ಕೆಯಾಗುತ್ತದೆ. ಎರಡು ತಿಂಗಳಿಗೊಮ್ಮೆ ತೆರೆದು ನೋಡುವ ತಾಳ್ಮೆ ಇದ್ದವರಿಗೆ ಮಾತ್ರ.

ಪೇಟೆಯ ಸೈಕಲ್ ಅಂಗಡಿಯಲ್ಲಿ ಸಿಗುವುದು ಹಳೆ ಕರಿ ಸೈಕಲ್ಲಿನ 28×1½ ಟಯರು. ಅದರ ರಿಮ್ಮಿನ ಅಳತೆ 635 ಮಿ.ಮೀ., ನಮ್ಮದು 622. ಕೂರುವುದೇ ಇಲ್ಲ. ಮೋಟರ್ ಸೈಕಲ್ಲಿನ ಬಗೆಯ ವಾಲ್ವ್ ಇರುವ ಟ್ಯೂಬು ಸಿಕ್ಕರೂ ನಮ್ಮ ರಿಮ್ಮಿನ ವಾಲ್ವ್ ತೂತು 6.5 ಮಿ.ಮೀ., ಅದಕ್ಕೆ ಬೇಕಿರುವುದು 8.5. ಹಾಗಾಗಿ ಎರಡು ಟ್ಯೂಬು, ಮಡಚಿದ ಒಂದು ಟಯರು ಸದಾ ಚೀಲದಲ್ಲಿರಲಿ. ಜೊತೆಗೆ ವಾಲ್ವಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಚಿಕ್ಕ ಅಡಾಪ್ಟರ್. ಅದೊಂದಿದ್ದರೆ ಕಾರಟಗಿಯಿಂದ ಕುರುಗೋಡಿನವರೆಗೆ ಯಾವ ಪಂಚರ್ ಅಂಗಡಿಯ ಕಂಪ್ರೆಸರ್‌ನಲ್ಲೂ ಗಾಳಿ ಹಿಡಿಸಬಹುದು.

ಸಂಡೂರು, ತೋರಣಗಲ್ಲು ಕಡೆಯ ಕೆಂಪು ದೂಳು ಈ ಸೈಕಲ್ಲಿನ ದೊಡ್ಡ ಶತ್ರು. ಅದಿರು ಲಾರಿಗಳಿಂದ ಉದುರಿದ ಪುಡಿ ಬರೀ ಮಣ್ಣಲ್ಲ, ಕಬ್ಬಿಣದ ಅದಿರು. ಎಣ್ಣೆ ಜೊತೆ ಸೇರಿದರೆ ಅರೆಯುವ ಪೇಸ್ಟ್ ಆಗುತ್ತದೆ. ಜಿಡ್ಡೆಣ್ಣೆ ಹಾಕಿದ ಚೈನು ಇಲ್ಲಿ ಅಕ್ಷರಶಃ ಸಾಣೆ ಹಿಡಿದಂತೆ ಸವೆಯುತ್ತದೆ. ಮೇಣವೇ ಮದ್ದು. ಚೈನಿನ ಜೋಡು ಕೊಂಡಿ ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಎರಡು ಸಲ ತೊಳೆದು, ಒಂದು ದಿನ ಬಿಸಿಲಿಗೆ ಹಾಕಿ. ಪಾತ್ರೆಯೊಳಗೆ ಪಾತ್ರೆ ಇಟ್ಟು, ಹೊರಗಿನದರಲ್ಲಿ ನೀರು ಕಾಯಿಸಿ ಮೇಣ ಕರಗಿಸಿ. ನೇರ ಬೆಂಕಿಗೆ ಇಟ್ಟರೆ ಹೊತ್ತಿಕೊಳ್ಳುತ್ತದೆ. ಚೈನು ಮುಳುಗಿಸಿದಾಗ ಗುಳ್ಳೆ ಏಳುತ್ತವೆ; ಅವು ನಿಲ್ಲುವವರೆಗೆ, ಸುಮಾರು ಹತ್ತು ನಿಮಿಷ, ಬಿಡಿ. ತೆಗೆದು ನೇತುಹಾಕಿ, ಆರಿದ ಮೇಲೆ ಕೋಲಿನಂತೆ ಸೆಟೆದ ಕೊಂಡಿಗಳನ್ನು ಒಂದು ಸರಳಿನ ಮೇಲೆ ಹಿಂದೆ ಮುಂದೆ ಎಳೆದು ಸಡಿಲಿಸಿ. ಒಣ ರಸ್ತೆಯಲ್ಲಿ 300 ಕಿ.ಮೀ. ಆಸುಪಾಸು ಬಾಳುತ್ತದೆ, ಒಂದು ಜೋರು ಮಳೆಗೆ ಹೋಗಿಬಿಡುತ್ತದೆ.

ಸವೆತ ಅಳೆಯಲು ದುಬಾರಿ ಗೇಜು ಬೇಡ, ಉಕ್ಕಿನ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಪಾಲು ಜಾಸ್ತಿಯಾದರೆ ಚೈನು ಬದಲಿಸಿ. ಎಂಟನೇ ಒಂದು ಪಾಲಿಗೆ ಹೋದರೆ ಹಿಂದಿನ ಹಲ್ಲುಗಳನ್ನೂ ತಿಂದಿದೆ ಎಂದರ್ಥ, ಖರ್ಚು ಕೆಲವು ಪಟ್ಟು ಏರುತ್ತದೆ.

ಕುಮಾರಸ್ವಾಮಿ ಬೆಟ್ಟ ಇಳಿಯುವಾಗ ಬ್ರೇಕಿನ ಗುಣ ತಿಳಿಯುತ್ತದೆ. ಈ ಕೇಬಲ್ ಡಿಸ್ಕಿನಲ್ಲಿ ಹೊರಗಿನ ಪ್ಯಾಡು ಮಾತ್ರ ಚಲಿಸುತ್ತದೆ, ಒಳಗಿನದು ಸ್ಥಿರ. ಪ್ಯಾಡು ಸವೆದ ಹಾಗೆ ಒಳಗಿನ ತಿರುಪನ್ನು ಒಂದೊಂದೇ ಕ್ಲಿಕ್ ಮುಂದೂಡದಿದ್ದರೆ ಡಿಸ್ಕು ಪ್ರತಿ ಹಿಡಿತಕ್ಕೂ ಬಾಗುತ್ತದೆ, ಲಿವರು ಹ್ಯಾಂಡಲ್ ಮುಟ್ಟುತ್ತದೆ. ಕೇಬಲ್ ಮಾತ್ರ ಬಿಗಿ ಮಾಡಿ ಸುಮ್ಮನಾಗುವುದು ಎಲ್ಲರೂ ಮಾಡುವ ತಪ್ಪು. ಪ್ಯಾಡಿನ ಪದರ ಅರ್ಧ ಮಿ.ಮೀ.ಗೆ ಬಂದರೆ ಬದಲಿಸಿ, ಡಿಸ್ಕು 1.5 ಮಿ.ಮೀ.ಗಿಂತ ತೆಳ್ಳಗಾದರೂ ಅಷ್ಟೇ. ಲೋಹ ಬೆರೆತ ಪ್ಯಾಡು ಹೆಚ್ಚು ಬಾಳುತ್ತದೆ, ಆದರೆ ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಕೊರೆದಿದ್ದರೆ ಹಾಕಬೇಡಿ.

ಗಂಗಾವತಿಯಿಂದ ಆನೆಗೊಂದಿ, ಸಾಣಾಪುರ ಕೆರೆ, ಹುಲಿಗಿಗೆ ಹೋಗುವ ದಾರಿ ಈ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಬಂಡೆಗುಡ್ಡಗಳ ನಡುವೆ ಸಣ್ಣ ಸಣ್ಣ ಏರಿಳಿತ, ಪದೇ ಪದೇ ಗೇರು ಬದಲಿಸಬೇಕು. ಕಡೆಬಾಗಿಲು ಸೇತುವೆ ದಾಟಿ ಬುಕ್ಕಸಾಗರಕ್ಕೆ ಬಂದರೆ ಕಮಲಾಪುರ, ಹಂಪಿ. ಹಳೆ ಹಾಸುಗಲ್ಲಿನ ಸಂದುಗಳಲ್ಲಿ ಅಗಲ ಕಡಿಮೆಯ ಟಯರ್ ಸಿಕ್ಕಿಕೊಳ್ಳುತ್ತದೆ, 38 ಸಿಕ್ಕುವುದಿಲ್ಲ. ಕುಲುಕಾಟಕ್ಕೆ ಕ್ಯಾರಿಯರ್‌ನ 5 ಮಿ.ಮೀ. ಬೋಲ್ಟು ಸಡಿಲವಾಗುವುದು ಮಾತ್ರ ನಿಜ. ನೀಲಿ ಲಾಕ್‌ಟೈಟ್ ಬಗೆಯ ಅಂಟು ಒಂದೊಂದು ಹನಿ ಹಾಕಿ.

ಕೊಪ್ಪಳದಿಂದ ಕುಕನೂರಿನ ನವಲಿಂಗ ಗುಡಿ, ಅಲ್ಲಿಂದ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ: ಈ ದಾರಿಯಲ್ಲಿ ಗುಡ್ಡವಿಲ್ಲ, ಆಷಾಢದ ಗಾಳಿಯೇ ಗುಡ್ಡ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣದಿಂದ ಬೀಸುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊರಡಿ: ಕೊಪ್ಪಳ, ಗಂಗಾವತಿ, ಸಿಂಧನೂರು. 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕ ಮಸ್ಕಿಗೆ, ಮುಂದೆ ಮುದಗಲ್ ಕೋಟೆಗೆ ಹೋಗುವ ಪ್ಲಾನಿದ್ದರೆ ಅದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಆಷಾಢದಲ್ಲಿ ಆ ಹಾದಿ ಗಾಳಿಗೆ ಎದುರಾಗುತ್ತದೆ. ಮಳೆ ಬಿದ್ದ ಎರೆ (ಕಪ್ಪು ಮಣ್ಣಿನ) ಹೊಲದ ದಾರಿಗೆ ಇಳಿಯಲೇಬೇಡಿ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ನೀರು ಇಂಗಿ ದಾರಿ ಗಟ್ಟಿಯಾಗಿರುತ್ತದೆ. ಎರೆ ಮಣ್ಣು ನೂರು ಮೀಟರಿಗೇ ಮಡ್‌ಗಾರ್ಡ್ ಒಳಗೆ ತುಂಬಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಮಡ್‌ಗಾರ್ಡ್‌ಗೂ ಟಯರಿಗೂ ಎರಡು ಬೆರಳು ಜಾಗ ಇಲ್ಲದಿದ್ದರೆ ಕೋಲಿನಿಂದ ಕೆರೆಯಲೂ ಆಗದು.

ಸೀಟು ಪರವಾಗಿಲ್ಲ. ಹ್ಯಾಂಡಲ್ ಟೇಪು ಬಿಸಿಲಿಗೆ ಅಂಟಂಟಾಯಿತು. ಬಾಟಲ್ ಹಿಡಿಕೆ ಮೂರಿದ್ದರೂ ಕೆಳಗಿನದಕ್ಕೆ ರಸ್ತೆಯ ಕೊಳೆ ಸಿಡಿಯುತ್ತದೆ, ಅಲ್ಲಿ ನೀರಿನ ಬದಲು ಪಾನಾದ (ಸ್ಪ್ಯಾನರ್) ಡಬ್ಬಿ ಇಡಿ. ಮಾರ್ಚ್ ನಂತರ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಬೇಕು, ಬೆಳಿಗ್ಗೆ ಹತ್ತರೊಳಗೆ ನೆರಳು ಸೇರಬೇಕು.

ಸುಗ್ಗಿ ಕಾಲದಲ್ಲಿ ಗಂಗಾವತಿ, ಸಿರುಗುಪ್ಪ ಕಡೆ ರಸ್ತೆ ಮೇಲೆ ಭತ್ತ ಹರಡಿರುತ್ತಾರೆ, ಪಕ್ಕದಲ್ಲಿ ಹುಲ್ಲು. ಆ ಹುಲ್ಲಿನೆಳೆ ಹಿಂದಿನ ಗೇರಿನ ಎರಡು ಪುಟ್ಟ ಗಾಲಿಗಳಿಗೆ ಸುತ್ತಿಕೊಳ್ಳುತ್ತದೆ, ಹೊರಗಿಂದ ಕಾಣುವುದಿಲ್ಲ. ಗೇರು ಕಾರಣವಿಲ್ಲದೆ ತಾನಾಗಿ ಹಾರತೊಡಗಿದರೆ ಕೇಬಲ್ ಮುಟ್ಟುವ ಮೊದಲು ಅಲ್ಲಿ ಬ್ಲೇಡು ಹಾಕಿ ಹುಲ್ಲು ಕತ್ತರಿಸಿ ತೆಗೆಯಿರಿ.