ಹ್ಯಾಮಿಲ್ಟನ್, ಎಲ್ಜಿನ್, ವಾಲ್ಥಮ್: ಮೂರು ಹಳೆಯ ಜೇಬು ಗಡಿಯಾರಗಳಲ್ಲಿ ನನ್ನ ಜೇಬಿಗೆ ಯಾವುದು?

ಮೂರು ಕೊಂಡೆ. ದಿನಾ ಜೇಬಿಗೆ ಹೋಗುವುದು ಒಂದೇ, ಹ್ಯಾಮಿಲ್ಟನ್ 992. ಮೊದಲೇ ಇದನ್ನು ತಗೊಂಡಿದ್ದರೆ 340 ಡಾಲರ್ ಉಳಿಯುತ್ತಿತ್ತು.

ಶುರು ಮಾಡಿದ್ದು ಎಲ್ಜಿನ್‌ನಿಂದ. ನಾನಿರುವ ಪೆನ್ಸಿಲ್ವೇನಿಯಾದ ಹಳೆ ಸಾಮಾನಿನ ಸಂತೆಗಳಲ್ಲಿ ಎಲ್ಜಿನ್ ಇಲ್ಲದ ಅಂಗಡಿಯೇ ಕಮ್ಮಿ. ಇಲಿನಾಯ್‌ನ ಆ ಕಂಪನಿ 1864ರಲ್ಲಿ ಹುಟ್ಟಿ, ಬಾಗಿಲು ಹಾಕುವಷ್ಟರಲ್ಲಿ ಸುಮಾರು 6 ಕೋಟಿ ಗಡಿಯಾರ ಮಾಡಿತ್ತು. ಹಾಗಾಗಿ ಅಗ್ಗ. 110 ಡಾಲರ್ ಕೊಟ್ಟೆ. ಹಾಲಿನಂಥ ಡಯಲ್, ಹಿಂಬದಿಯಲ್ಲಿ ಜಿಂಕೆಯ ಕೆತ್ತನೆ. ತುಂಬಾ ಖುಷಿಯಾಗಿತ್ತು.

ಮಾರನೇ ದಿನ ಆಫೀಸಿಗೆ ಹೋಗಿ ನೋಡಿದರೆ 9 ನಿಮಿಷ ಮುಂದೆ. ಸರಿ ಮಾಡಿದೆ. ಅದರ ಮಾರನೇ ದಿನ 20 ನಿಮಿಷ. ಆದರೆ ಸಂಜೆ ತನಕ ಕಣ್ಣಿಟ್ಟು ನೋಡಿದರೆ ಸರಿಯಾಗೇ ಓಡುತ್ತಿತ್ತು. ಒಂದು ವಾರ ತಲೆ ಕೆಡಿಸಿಕೊಂಡೆ. ಕೊನೆಗೊಂದು ಬೆಳಗ್ಗೆ ಡಯಲ್ ನೋಡುತ್ತಲೇ ಕೀ ಕೊಟ್ಟೆ. ಮೇಲಿನ ಗುಂಡಿ ತಿರುಗಿಸಿದಂತೆ ಮುಳ್ಳೂ ತಿರುಗುತ್ತಿತ್ತು!

ರಿಪೇರಿಯವರು ಹಿಂಬದಿ ಬಿಚ್ಚಿ, ಕೇಸಿನ, ಅಂದರೆ ಹೊರಕವಚದ, ಒಳಗೆ ಬೇರೆ ಯಾವುದೋ ಯಂತ್ರದ ಸ್ಕ್ರೂ ಗುರುತು ತೋರಿಸಿದರು. ಆಗ ಅಮೆರಿಕದ ಕಾರ್ಖಾನೆಗಳು ಹೆಚ್ಚಾಗಿ ಬರೀ ಯಂತ್ರ ಮಾರುತ್ತಿದ್ದವು. ಕೇಸನ್ನು ಗಿರಾಕಿಯೇ ಅಂಗಡಿಯಲ್ಲಿ ಆರಿಸಿ ಹಾಕಿಸಿಕೊಳ್ಳುತ್ತಿದ್ದ. ಹಾಗಾಗಿ ನೂರು ವರ್ಷದಲ್ಲಿ ಕೇಸ್ ಬದಲಾಗಿರುವುದು ಸಾಮಾನ್ಯ. ಗುಂಡಿ ಎಳೆದು ಟೈಮ್ ಇಡುವ ಈ ಬಗೆಯಲ್ಲಿ ಗುಂಡಿ, ಅದರ ಕಡ್ಡಿ ಎರಡೂ ಕೇಸಿಗೆ ಸೇರಿದವು. ಯಂತ್ರ ತಾನಾಗಿ ಮುಳ್ಳು ತಿರುಗಿಸುವ ಸ್ಥಿತಿಯಲ್ಲೇ ಇರುತ್ತದೆ. ಕೇಸಿನ ಕಡ್ಡಿ ಒತ್ತಿ ಹಿಡಿದರೆ ಮಾತ್ರ ಕೀ ಕೊಡುವ ಸ್ಥಿತಿಗೆ ಬರುತ್ತದೆ. ಆ ಕಡ್ಡಿಯನ್ನು ಹಿಡಿದಿಡುವ ಪುಟ್ಟ ಕೊಳವೆ ಕೂದಲೆಳೆಯಷ್ಟು ಆಚೀಚೆ ಆದರೂ ಯಂತ್ರ ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಕೀ ಕೊಟ್ಟರೆ ಮುಳ್ಳೂ ತಿರುಗುತ್ತದೆ. 40 ಡಾಲರ್ ಕೊಟ್ಟು ಸರಿ ಮಾಡಿಸಿದೆ. ಎರಡು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಕೊಳವೆಯೇ ಸವೆದಿತ್ತು.

ವಾಲ್ಥಮ್ 1857ರ ಮಾದರಿಯದು. ಕೀ ಕೊಡಲು ಬೀಗದಕೈಯಂಥ ಪುಟ್ಟ ಕೀಲಿ ಬೇಕು. ಯಂತ್ರಗಳಿಂದ ಒಂದೇ ಅಳತೆಯ ಬಿಡಿಭಾಗ ಮಾಡಿ ಗಡಿಯಾರ ಕಟ್ಟಬಹುದು ಎಂದು ಏರನ್ ಡೆನಿಸನ್ ಹಟ ಹಿಡಿದು ಕಟ್ಟಿದ ಕಾರ್ಖಾನೆಯ ಮಾಲು. ಲಿಂಕನ್ ಬಳಿ ಇದ್ದದ್ದೂ ಈ ಕಾರ್ಖಾನೆಯದೇ. ಕೈಯಲ್ಲಿ ಹಿಡಿದರೆ ಮೈ ಜುಮ್ ಅನ್ನುತ್ತದೆ. ಆದರೆ ನನ್ನದು ದಿನಕ್ಕೆ 3 ನಿಮಿಷ ಹಿಂದೆ. 190 ಡಾಲರ್. ಕಪಾಟಿನಲ್ಲಿದೆ.

ಇನ್ನು ಹ್ಯಾಮಿಲ್ಟನ್. ಇದೇ ರಾಜ್ಯದ ಲ್ಯಾಂಕಾಸ್ಟರ್‌ನಲ್ಲಿ ತಯಾರಾದದ್ದು, 21 ಜ್ಯುವೆಲ್ (ಸವೆತ ತಡೆಯಲು ಯಂತ್ರದೊಳಗೆ ಕೂರಿಸುವ ಪುಟ್ಟ ಹರಳು). ಇದರ ಗುಂಡಿಗೆ ಕೀ ಕೊಡುವ ಕೆಲಸ ಒಂದೇ. ಟೈಮ್ ಬದಲಿಸಬೇಕೆಂದರೆ ಮುಂದಿನ ಗಾಜನ್ನು ತಿರುಗಿಸಿ ಬಿಚ್ಚಿ, ಡಯಲ್ ಅಂಚಿನ ಸಣ್ಣ ಲಿವರನ್ನು ಉಗುರಿನಿಂದ ಎಳೆಯಬೇಕು. ಮೊದಲು ಇದು ಯಾಕಪ್ಪಾ ಅನ್ನಿಸಿತ್ತು. ಎಲ್ಜಿನ್ ಪಾಠ ಕಲಿಸಿದ ಮೇಲೆ ಅರ್ಥವಾಯಿತು. 1891ರಲ್ಲಿ ಓಹಾಯೋದ ಕಿಪ್ಟನ್‌ನಲ್ಲಿ ಎರಡು ರೈಲು ಡಿಕ್ಕಿಯಾದ ಮೇಲೆ ಗಡಿಯಾರ ವ್ಯಾಪಾರಿ ವೆಬ್ ಬಾಲ್ ಅವರು ರೈಲ್ವೆ ಗಡಿಯಾರಗಳ ತಪಾಸಣೆ ಬಿಗಿ ಮಾಡಿದರು. ವಾರಕ್ಕೆ 30 ಸೆಕೆಂಡಿಗಿಂತ ಜಾಸ್ತಿ ತಪ್ಪಬಾರದು ಎಂಬ ನಿಯಮ ಬಂತು. ಮುಂದೆ ಈ ಲಿವರೂ ಕಡ್ಡಾಯವಾಯಿತು. ಡ್ರೈವರ್ ಅವಸರದಲ್ಲಿ ಕೀ ಕೊಟ್ಟರೂ ಮುಳ್ಳು ಅಲುಗಬಾರದು, ಅಲ್ವಾ?

ನನ್ನದು ಸರ್ವಿಸ್ ಆದ ಮೇಲೆ ವಾರಕ್ಕೆ 25 ಸೆಕೆಂಡ್ ಮುಂದೆ ಹೋಗುತ್ತದೆ, ಅಷ್ಟೇ. ಭಾನುವಾರ ಒಮ್ಮೆ ಗಾಜು ಬಿಚ್ಚಿದರೆ ಸಾಕು. ಅಪ್ಪನ ಎಚ್‌ಎಂಟಿಗೆ ಕೀ ಕೊಟ್ಟು ಬೆಳೆದವನು ನಾನು. ಬೆಳಗ್ಗೆ ಕಾಫಿ ಆರುವಷ್ಟರಲ್ಲಿ ಕೀ ಕೊಡುವುದು ನನಗೆ ಕೆಲಸವೇ ಅಲ್ಲ. ಬೆಲೆ 380, ಸರ್ವಿಸ್‌ಗೆ 175. ಕೈ ಕಚ್ಚಿತು, ನಿಜ. ಆದರೂ ಇನ್ನೊಂದು ಕೊಳ್ಳುವ ಆಸೆ ಬಂದಿಲ್ಲ.

ನಿಮ್ಮ ಬಜೆಟ್ 100ರ ಆಸುಪಾಸಿದ್ದರೆ ಎಲ್ಜಿನ್‌ನಲ್ಲೇ ಲಿವರ್ ಇರುವುದನ್ನು ಹುಡುಕಿ, ಸಿಗುತ್ತದೆ. ಗುಂಡಿ ಎಳೆಯುವುದೇ ಸಿಕ್ಕರೆ, ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಹತ್ತು ಸುತ್ತು ಕೀ ಕೊಡಿ. ಕಣ್ಣು ನಿಮಿಷದ ಮುಳ್ಳಿನ ಮೇಲಿರಲಿ.