ಫ್ರೀಮಾಂಟ್ ಮನೆಯ ಸೂರಿನಲ್ಲಿ ಕ್ಲಿಯರ್‌ಸ್ಟ್ರೀಮ್ 2ವಿ ಆಂಟೆನಾ: ಕೆಲವು ವರ್ಷ ಬಳಸಿದ ಮೇಲೆ

ನಮ್ಮ ಫ್ರೀಮಾಂಟ್ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ. ಇಲ್ಲಿರುವವರು ಟಿವಿ ಆಂಟೆನಾ ಕೊಳ್ಳುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಪರದೆಯ ಮೇಲೆ ಕಾಣುವ ಚಾನೆಲ್ ನಂಬರೇ ಬೇರೆ, ಸಿಗ್ನಲ್ ಬರುವ ನಂಬರೇ ಬೇರೆ. 4 ಎಂದು ಕಾಣುವ ಸ್ಥಳೀಯ ಚಾನೆಲ್ ಕೆಆರ್‌ಒಎನ್ ಬರುವುದು 7ರಲ್ಲಿ. 7 ಎಂದು ಕಾಣುವ ಎಬಿಸಿ 12ರಲ್ಲಿ, 11 ಎಂದು ಕಾಣುವ ಎನ್‌ಬಿಸಿ 13ರಲ್ಲಿ. ಈ ಮೂರೂ ವಿಎಚ್‌ಎಫ್, ಅಂದರೆ ಉದ್ದ ಅಲೆಗಳ ಚಾನೆಲ್‌ಗಳು. ಫಾಕ್ಸ್, ಸಿಬಿಎಸ್, ಸಾರ್ವಜನಿಕ ಚಾನೆಲ್ ಕೆಕ್ಯೂಇಡಿ ಮೂರೂ ಯುಎಚ್‌ಎಫ್, ಅಂದರೆ ಗಿಡ್ಡ ಅಲೆಗಳವು.

ಇದು ಯಾಕೆ ಮುಖ್ಯ ಅಂದರೆ, ಆಂಟೆನಾದ ಅಳತೆ ನಿರ್ಧಾರವಾಗುವುದೇ ಇದರ ಮೇಲೆ. ಯುಎಚ್‌ಎಫ್ ಹಿಡಿಯಲು ಸುಮಾರು 30 ಸೆಂ.ಮೀ. ಅಗಲದ ಆಂಟೆನಾ ಸಾಕು. ಚಾನೆಲ್ 7ಕ್ಕೆ ಸುಮಾರು 80 ಸೆಂ.ಮೀ. ಉದ್ದದ ಕಡ್ಡಿ ಬೇಕು. ಕಿಟಕಿಗೆ ಅಂಟಿಸುವ ತೆಳು ಹಾಳೆಯಂಥ ಆಂಟೆನಾಗಳಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ನಮ್ಮ ಮನೆಯಲ್ಲಿ ಮೊದಲು ಅಂಥದ್ದೇ ಇತ್ತು. ಫಾಕ್ಸ್ ಚೆನ್ನಾಗಿ ಬರುತ್ತಿತ್ತು, ಎಬಿಸಿ ಮತ್ತು ಎನ್‌ಬಿಸಿ ಸುಳಿವೇ ಇರುತ್ತಿರಲಿಲ್ಲ. ಡಬ್ಬದ ಮೇಲೆ 150 ಮೈಲಿ ಅಂತ ದೊಡ್ಡದಾಗಿ ಬರೆದಿತ್ತು. ಈ ಮೈಲಿ ಲೆಕ್ಕವನ್ನು ದಯವಿಟ್ಟು ನಂಬಬೇಡಿ. ಭೂಮಿ ದುಂಡಗಿದೆ. 60-70 ಮೈಲಿ ದಾಟಿದ ಮೇಲೆ ಗೋಪುರ ಮರೆಯಾಗುತ್ತದೆ, ಮನೆ ಆಂಟೆನಾಗೆ ಸಿಗ್ನಲ್ ಸಿಗುವುದು ಬಹಳ ಕಷ್ಟ.

ನಾನು ಆರಿಸಿಕೊಂಡದ್ದು ಆಂಟೆನಾಸ್ ಡೈರೆಕ್ಟ್ ಕಂಪನಿಯ ಕ್ಲಿಯರ್‌ಸ್ಟ್ರೀಮ್ 2ವಿ. ಬೆಲೆ ನೂರು ಡಾಲರಿನ ಆಸುಪಾಸು. ಯುಎಚ್‌ಎಫ್‌ಗೆ ಎರಡು ಬಳೆಗಳಿವೆ, ವಿಎಚ್‌ಎಫ್‌ಗೆ ಅಂತಲೇ ಬೇರೆ ಉದ್ದ ಕಡ್ಡಿಗಳಿವೆ. ಆ ಕಡ್ಡಿಗಳಿಗಾಗಿಯೇ ಇದನ್ನು ಕೊಂಡೆ.

ಇನ್ನು ಎಲ್ಲಿ ಕೂರಿಸುವುದು ಅನ್ನುವ ಪ್ರಶ್ನೆ. ನನ್ನ ಪ್ರಕಾರ ಆಂಟೆನಾ ಯಾವುದು ಅನ್ನುವುದಕ್ಕಿಂತ ಇದೇ ಜಾಸ್ತಿ ಮುಖ್ಯ. ಇಲ್ಲಿನ ಮನೆಗಳ ಹೊರಗೋಡೆ ಬಹುಪಾಲು ಸ್ಟಕ್ಕೋ. ಗಾರೆ ಹಿಡಿದುಕೊಳ್ಳಲಿ ಅಂತ ಅದರೊಳಗೆ ತಂತಿ ಬಲೆ ಹಾಕಿರುತ್ತಾರೆ. ಆ ಬಲೆ ಸಿಗ್ನಲ್ ತಡೆಯುತ್ತದೆ. ಹೊಸ ಕಿಟಕಿಗಳ ಗಾಜಿಗೆ ಬಿಸಿಲು ತಡೆಯಲು ಲೋಹದ ತೆಳು ಲೇಪ ಇರುತ್ತದೆ, ಅದೂ ಅಷ್ಟೇ. ಅಂದರೆ ಹಾಲ್‌ನಲ್ಲಿ ಟಿವಿ ಹಿಂದೆ ಇಡುವುದು ಎಲ್ಲಕ್ಕಿಂತ ಕೆಟ್ಟ ಜಾಗ. ಅಟ್ಟ ಅದಕ್ಕಿಂತ ಎಷ್ಟೋ ವಾಸಿ, ಏಕೆಂದರೆ ಮಾಡಿಗೆ ಹೊದಿಸುವ ಡಾಂಬರು ಶಿಂಗಲ್ಸ್ ಮೂಲಕ ಸಿಗ್ನಲ್ ಸುಮಾರಾಗಿ ದಾಟುತ್ತದೆ. ಆದರೆ ಮಾಡಿನ ಒಳಮೈಗೆ ಬೆಳ್ಳಿ ಬಣ್ಣದ ಫಾಯಿಲ್ ಹಾಕಿಸಿದ್ದರೆ ಅಟ್ಟದ ಆಸೆ ಬಿಡಿ.

ನಮ್ಮ ಅಟ್ಟದಲ್ಲಿ ಯುಎಚ್‌ಎಫ್ ಎಲ್ಲ ಬಂತು, ವಿಎಚ್‌ಎಫ್ ಅಂಚಿನಲ್ಲಿ ಒದ್ದಾಡುತ್ತಿತ್ತು. ಪಶ್ಚಿಮದ ಸೂರಿನ ಅಂಚಿಗೆ ಕಂಬ ಬಿಗಿದು ಅಲ್ಲಿ ಕೂರಿಸಿದ ಮೇಲೆ ಆ ಮೂರು ವಿಎಚ್‌ಎಫ್ ಚಾನೆಲ್‌ಗಳೂ ಗಟ್ಟಿಯಾಗಿ ನಿಂತವು. ಡಿಜಿಟಲ್ ಸಿಗ್ನಲ್ ಹಳೆಯ ಕಾಲದ ಹಾಗೆ ಮಸುಕಾಗಿ ಬರುವುದಿಲ್ಲ. ಬಂದರೆ ಪೂರ್ತಿ ಬರುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಹಾಗಾಗಿ ಸ್ವಲ್ಪ ಹೆಚ್ಚಿಗೆ ಸಿಗ್ನಲ್ ಇರುವ ಜಾಗವನ್ನೇ ಹುಡುಕಬೇಕು.

ದಿಕ್ಕಿನ ವಿಷಯದಲ್ಲಿ ಫ್ರೀಮಾಂಟಿಗೆ ಅನುಕೂಲ ಇದೆ. ಮೇಲೆ ಹೇಳಿದ ಮಿಕ್ಕ ಚಾನೆಲ್‌ಗಳು ಪ್ರಸಾರವಾಗುವ 977 ಅಡಿ ಎತ್ತರದ ಸೂಟ್ರೋ ಟವರ್ ಮತ್ತು ಎನ್‌ಬಿಸಿ ಇರುವ ಸ್ಯಾನ್ ಬ್ರೂನೋ ಬೆಟ್ಟ ಎರಡೂ ಕೊಲ್ಲಿಯ ಆಚೆ, ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿವೆ. ದೂರ ಸುಮಾರು 45 ಕಿ.ಮೀ. ಪಶ್ಚಿಮಕ್ಕೆ ತಿರುಗಿಸಿ ಸ್ವಲ್ಪ ಉತ್ತರಕ್ಕೆ ವಾಲಿಸಿದರೆ ಎರಡೂ ಸಿಗುತ್ತವೆ. ತಿರುಗಿಸುವಾಗ ಅವಸರ ಬೇಡ. ಚೂರು ತಿರುಗಿಸಿ, ಕೆಲವು ಸೆಕೆಂಡ್ ಕಾಯಿರಿ, ಟಿವಿಯ ಸಿಗ್ನಲ್ ಮೀಟರ್ ನೋಡಿ. ಅದರಲ್ಲಿ ಶಕ್ತಿಗಿಂತ ಗುಣಮಟ್ಟದ ಅಂಕಿ ನೋಡಬೇಕು. ಬೆಟ್ಟಕ್ಕೆ ಬಡಿದು ಬರುವ ಸಿಗ್ನಲ್‌ಗೆ ಶಕ್ತಿ ಇದ್ದರೂ ಗುಣಮಟ್ಟ ಇರುವುದಿಲ್ಲ. ನಿಮ್ಮ ವಿಳಾಸಕ್ಕೆ ಯಾವ ಗೋಪುರ ಎಲ್ಲಿದೆ, ಯಾವುದರ ನಿಜವಾದ ಚಾನೆಲ್ ಯಾವುದು ಅನ್ನುವುದನ್ನು ರ್ಯಾಬಿಟ್‌ಇಯರ್ಸ್ ಜಾಲತಾಣ ಸುಮ್ನೆ, ದುಡ್ಡಿಲ್ಲದೆ ತೋರಿಸುತ್ತದೆ.

ಬಳಕೆಯಲ್ಲಿ ತಲೆ ತಿಂದದ್ದು ಒಂದೇ ವಿಷಯ. ಕೆಆರ್‌ಒಎನ್ ಹಗಲಲ್ಲಿ ಚೆನ್ನಾಗಿ ಬಂದು ಕತ್ತಲಾದ ಮೇಲೆ ಒಡೆಯುತ್ತಿತ್ತು. ಮಿಕ್ಕವುಗಳಿಗೆ ಏನೂ ಇಲ್ಲ. ಆಂಟೆನಾ, ಕೇಬಲ್, ಕನೆಕ್ಟರ್ ಎಲ್ಲ ಸರಿಯಿತ್ತು. ಕೊನೆಗೆ ದೀಪಗಳನ್ನು ಒಂದೊಂದಾಗಿ ಆರಿಸುತ್ತಾ ಬಂದಾಗ ಗ್ಯಾರೇಜಿನ ಹೊರಗಿನ ಎಲ್‌ಇಡಿ ಬಲ್ಬ್ ಸಿಕ್ಕಿಬಿತ್ತು. ಕೆಲವು ಅಗ್ಗದ ಎಲ್‌ಇಡಿಗಳ ಒಳಗಿನ ಸರ್ಕ್ಯೂಟ್ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಅದು ಯುಎಚ್‌ಎಫ್‌ಗಿಂತ ವಿಎಚ್‌ಎಫ್ ಅನ್ನು ಜಾಸ್ತಿ ಕಾಡುತ್ತದೆ. ಬಲ್ಬ್ ಬದಲಿಸಿದೆ, ಅವತ್ತೇ ಸರಿಹೋಯಿತು. ಸಂಜೆ ಮಾತ್ರ ತೊಂದರೆ ಕೊಡುವ ಚಾನೆಲ್ ಇದ್ದರೆ ಮೊದಲು ದೀಪ ಆರಿಸಿ ನೋಡಿ, ಹೊಸ ಆಂಟೆನಾ ಆಮೇಲೆ. ವಿಮಾನ ತೀರಾ ತಗ್ಗಿನಲ್ಲಿ ಹೋದಾಗ ಚಿತ್ರ ಒಂದು ಕ್ಷಣ ಚೂರಾಗುವುದು ಈಗಲೂ ಇದೆ. ಅದಕ್ಕೆ ಮದ್ದಿಲ್ಲ.

ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್ ನಾನು ಹಾಕಿಲ್ಲ. ಉದ್ದ ಕೇಬಲ್ಲಿನಲ್ಲಿ ಸೋರಿಹೋಗುವುದನ್ನು ಅದು ತುಂಬಿಕೊಡುತ್ತದೆ ಅಷ್ಟೇ, ಆಂಟೆನಾಗೆ ಸಿಗದ ಸಿಗ್ನಲನ್ನು ಹುಟ್ಟಿಸುವುದಿಲ್ಲ. ಕೇಬಲ್ ಆರ್‌ಜಿ6 ಎಂಬ ಬಗೆಯದೇ ಇರಲಿ. ಎರಡು ಟಿವಿಗೆ ಸ್ಪ್ಲಿಟರ್ ಹಾಕಿದರೆ ಒಂದೊಂದಕ್ಕೆ ಅರ್ಧಕ್ಕಿಂತ ಕಡಿಮೆ ಸಿಗುತ್ತದೆ ಅನ್ನುವುದು ನೆನಪಿರಲಿ. ಹೊರಗೆ ಹಾಕಿದರೆ ಕಂಬಕ್ಕೂ ಕೇಬಲ್ಲಿಗೂ ಅರ್ಥಿಂಗ್ ಮಾಡಿಸಲೇಬೇಕು, ಇದರಲ್ಲಿ ರಾಜಿ ಬೇಡ.

ಟೌನ್‌ಹೌಸಿನಲ್ಲಿರುವ ಗೆಳೆಯರು, ಬಡಾವಣೆಯ ಮನೆಗಳ ಸಂಘದವರು ಆಂಟೆನಾ ಹಾಕಲು ಬಿಡುವುದಿಲ್ಲ ಅಂತ ಸುಮ್ಮನಾಗುತ್ತಾರೆ. ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿಯ 1996ರ ನಿಯಮದ ಪ್ರಕಾರ ನಿಮ್ಮದೇ ಬಳಕೆಯ ಬಾಲ್ಕನಿ ಅಥವಾ ಅಂಗಳದಲ್ಲಿ ಟಿವಿ ಆಂಟೆನಾ ಹಾಕುವುದನ್ನು ಸಂಘವಾಗಲಿ ಮನೆ ಮಾಲೀಕರಾಗಲಿ ಸುಮ್ಮಸುಮ್ಮನೆ ತಡೆಯುವಂತಿಲ್ಲ. ಬಾಡಿಗೆಯವರಿಗೂ ಈ ಹಕ್ಕಿದೆ. ಎಲ್ಲರಿಗೂ ಸೇರಿದ ಮಾಡು, ಹೊರಗೋಡೆಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಕನ್ನಡ ಚಾನೆಲ್ ಯಾವುದೂ ಇದರಲ್ಲಿ ಬರುವುದಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನ ಧಾರಾವಾಹಿಗೆ ಇಂಟರ್ನೆಟ್ಟೇ ಗತಿ. ಮಕ್ಕಳಿಗೆ ಕೆಕ್ಯೂಇಡಿಯ 9.4ರಲ್ಲಿ ಇಡೀ ದಿನ ಪಿಬಿಎಸ್ ಕಿಡ್ಸ್ ಇದೆ, ತಿಂಗಳ ಬಿಲ್ ಇಲ್ಲ. ಪ್ಯಾರಿಸ್ ಒಲಿಂಪಿಕ್ಸನ್ನು ನಾವು ನೋಡಿದ್ದೂ ಈ ಆಂಟೆನಾದಲ್ಲೇ. ಮುಂದೆ ಏಟಿಎಸ್‌ಸಿ 3.0 ಎಂಬ ಹೊಸ ಟಿವಿ ಪ್ರಸಾರ ಪದ್ಧತಿ ಪೂರ್ತಿಯಾಗಿ ಬಂದರೆ ಹೊಸ ಟ್ಯೂನರ್ ಬೇಕಾಗುತ್ತದೆ. ಸೂರಿನ ಮೇಲಿರುವುದನ್ನು ಇಳಿಸಬೇಕಾಗಿಲ್ಲ.