ಹಳೆ ಪಾಲಿಯೋಗೆ ಅಗಲ ಗಾಲಿ: ಮೂರು ಸೆಟ್ ಹಾಕಿ ನೋಡಿದ ಮೇಲೆ

ನನ್ನ ಹತ್ತಿರ 2003ರ ಫಿಯೆಟ್ ಪಾಲಿಯೋ 1.6 ಇದೆ. ಪಾಲಿಯೋ ನಮ್ಮ ದೇಶಕ್ಕೆ ಬಂದದ್ದು 2001ರಲ್ಲಿ. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು, ಜಾಹೀರಾತಿನಲ್ಲಿ ಸಚಿನ್ ತೆಂಡೂಲ್ಕರ್ ಇದ್ದರು. 1.6 ಲೀಟರಿನ ಮಾದರಿಯಲ್ಲಿ 16 ವಾಲ್ವಿನ ಎಂಜಿನ್, 100 ಕುದುರೆ ಬಲ. ಸ್ಪೋರ್ಟ್ಸ್ ಕಾರ್ ಅಂದರೆ ಎರಡೇ ಬಾಗಿಲು ಇರಬೇಕು ಅನ್ನುವವರಿದ್ದಾರೆ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಆ ಕಾಲಕ್ಕೆ ಕಾಲೇಜಿನಲ್ಲಿದ್ದ ನಮ್ಮಂಥವರಿಗೆ ಇದೇ ಸ್ಪೋರ್ಟ್ಸ್ ಕಾರ್.

ನಾನು ಕೊಂಡಾಗ ಗಾಡಿಯಲ್ಲಿ 14 ಇಂಚಿನ ಕಬ್ಬಿಣದ ಗಾಲಿ, ಅದರ ಮೇಲೆ 175/65 ಟೈರ್ ಇತ್ತು. ಅಂದರೆ ಟೈರಿನ ಅಗಲ 175 ಮಿಮೀ, ಪಕ್ಕದ ಎತ್ತರ ಆ ಅಗಲದ ಶೇಕಡಾ 65. ಓಡಿಸಲು ತೊಂದರೆ ಏನೂ ಇರಲಿಲ್ಲ. ಆದರೆ ಹಿಂದಿನಿಂದ ನೋಡಿದರೆ ಟೈರ್ ಮಡ್‌ಗಾರ್ಡಿನ ಒಳಗೆ ಎಲ್ಲೋ ಅಡಗಿ ಕೂತ ಹಾಗೆ ಕಾಣುತ್ತಿತ್ತು. ಅಗಲ ಗಾಲಿಯ ಆಸೆ ಹುಟ್ಟಿದ್ದು ಅಲ್ಲಿಂದ. ಎರಡು ವರ್ಷದಲ್ಲಿ ಮೂರು ಸೆಟ್ ಹಾಕಿ ನೋಡಿದೆ. ಎರಡನ್ನು ದುಡ್ಡು ಕೊಟ್ಟು ತಂದೆ. ಮೂರನೆಯದನ್ನು ಗದಗಿನ ಗೆಳೆಯನಿಂದ ಎರಡು ವಾರಕ್ಕೆ ಕೇಳಿ ಪಡೆದೆ.

ಮೊದಲನೆಯದು 14 ಇಂಚು, 6ಜೆ ಅಂದರೆ ಆರು ಇಂಚು ಅಗಲ, ಇಟಿ 38 ಆಫ್‌ಸೆಟ್, ಮೇಲೆ 185/60 ಟೈರ್. ಎರಡನೆಯದು 15 ಇಂಚು, 7ಜೆ, ಇಟಿ 35, ಮೇಲೆ 195/50. ಮೂರನೆಯದೂ 15 ಇಂಚು, 7ಜೆ. ಆದರೆ ಅದರ ಆಫ್‌ಸೆಟ್ ಇಟಿ 25, ಟೈರ್ 205/50.

ಅಂಗಡಿಯಲ್ಲಿ ಎಲ್ಲರೂ ಇಂಚು ಕೇಳುತ್ತಾರೆ, ಅಗಲ ಕೇಳುತ್ತಾರೆ. ಆಫ್‌ಸೆಟ್ ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ಎಲ್ಲವನ್ನೂ ತೀರ್ಮಾನಿಸಿದ್ದು ಅದೇ. ಗಾಲಿಯ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಹಬ್‌ಗೆ, ಅಂದರೆ ಗಾಲಿಯನ್ನು ಬೋಲ್ಟ್ ಹಾಕಿ ಕೂರಿಸುವ ಗಾಡಿಯ ತಿರುಗುವ ಭಾಗಕ್ಕೆ, ತಾಗಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿಮೀ ಹೊರಬದಿಗಿದೆಯೋ ಅದು ಆಫ್‌ಸೆಟ್. ಸಂಖ್ಯೆ ಕಡಿಮೆಯಾದಷ್ಟೂ ಗಾಲಿ ಹೊರಗೆ ಬರುತ್ತದೆ. ಲೆಕ್ಕ ಹಾಕಿದರೆ ನನ್ನ ಎರಡನೇ ಸೆಟ್ ಮೊದಲನೆಯದಕ್ಕಿಂತ ಸುಮಾರು 16 ಮಿಮೀ ಹೊರಗೆ, 10 ಮಿಮೀ ಒಳಗೆ. ಮೂರನೆಯದು ಒಳಗೆ ಒಂದಿಷ್ಟೂ ಹೋಗಿಲ್ಲ. ಹೆಚ್ಚಾದ ಅಗಲವೆಲ್ಲ, ಅಂದರೆ ಸುಮಾರು 26 ಮಿಮೀ, ಹೊರಗೇ ಬಂದಿದೆ. ಎರಡೂ 7ಜೆ ಗಾಲಿಗಳೇ. ಗಾಡಿಯಲ್ಲಿ ಅವು ನಡೆದುಕೊಂಡ ರೀತಿ ಮಾತ್ರ ಪೂರ್ತಿ ಬೇರೆ.

ಫಿಯೆಟ್ ಇಟ್ಟುಕೊಂಡವರಿಗೆ ಇನ್ನೊಂದು ಗಂಟು ಇದೆ. ಪಾಲಿಯೋದ ಪಿಸಿಡಿ 4x98. ಅಂದರೆ ನಾಲ್ಕು ಬೋಲ್ಟುಗಳು 98 ಮಿಮೀ ವೃತ್ತದ ಮೇಲೆ ಕೂತಿವೆ. ಅಂಗಡಿಯಲ್ಲಿ ಸಿಗುವ ನಾಲ್ಕು ತೂತಿನ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಗಾಲಿಗಳು ಜಾಸ್ತಿ 4x100. ಎರಡು ಮಿಮೀ ತಾನೇ, ಬಿಗಿದರೆ ಕೂತುಬಿಡುತ್ತದೆ ಎಂದು ಒಂದು ಅಂಗಡಿಯಲ್ಲಿ ಹೇಳಿದರು. ದಯವಿಟ್ಟು ಹಾಗೆ ಮಾಡಬೇಡಿ. ಬೋಲ್ಟಿನ ಕೋನ್ ತೂತಿನ ಒಂದು ಪಕ್ಕಕ್ಕಷ್ಟೇ ತಾಗಿ ಕೂರುತ್ತದೆ. ಓಡುತ್ತ ಓಡುತ್ತ ಸಡಿಲವಾಗುತ್ತದೆ. ಇದಕ್ಕೆ ವಾಬಲ್ ಬೋಲ್ಟ್ ಅಂತ ಸಿಗುತ್ತವೆ. ಅವುಗಳ ಕೋನ್ ಸ್ವಲ್ಪ ಆಚೀಚೆ ಸರಿದು ತೂತಿನಲ್ಲಿ ಸರಿಯಾಗಿ ಕೂರುತ್ತದೆ. ಪ್ರತಿ ತೂತಿಗೆ ಸರಿಯಬೇಕಾದದ್ದು ಒಂದೇ ಮಿಮೀ, ಅದಕ್ಕೆ ಇವು ಸಾಕು. ಬೋಲ್ಟಿನ ಎಳೆ ಎಂ12x1.25 ಇರಬೇಕು, ಅಂದರೆ ದಪ್ಪ 12 ಮಿಮೀ, ಎಳೆಯಿಂದ ಎಳೆಗೆ 1.25 ಮಿಮೀ. ಕೈಯಲ್ಲಿ ತಿರುಗಿಸುವಾಗ ಸುತ್ತು ಎಣಿಸಿ. ಎಂಟು ಸುತ್ತಿಗಿಂತ ಮೊದಲೇ ಬಿಗಿಯಾದರೆ ಬೋಲ್ಟ್ ಉದ್ದ ಸಾಲದು.

ಎರಡನೇ ಸೆಟ್ ಹಾಕಿಸಿದ ದಿನ ಇಷ್ಟೆಲ್ಲ ಮಾಡಿಯೂ ಒಂದು ತಪ್ಪಾಯಿತು. ನವನಗರ ದಾಟಿ 70 ಮುಟ್ಟಿದ ಕೂಡಲೇ ಸ್ಟೀರಿಂಗ್ ನಡುಗಲು ಶುರುವಾಯಿತು. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ. ನಡುಕ ಹೋಗಲಿಲ್ಲ. ಕೊನೆಗೆ ಗೋಕುಲ ರಸ್ತೆಯ ನಮ್ಮ ಮಿಸ್ತ್ರಿ ಕಾಕಾ ಗಾಲಿ ಬಿಚ್ಚಿ, ನಡುವಿನ ತೂತಿನೊಳಗೆ ಬೆರಳಿಟ್ಟು ತೋರಿಸಿದರು. "ಸರ್ರ, ಹಬ್ಬಿಗೂ ಗಾಲಿಗೂ ನಡಬರಕ ಇಷ್ಟ್ ಜಾಗಾ ಐತಿ ನೋಡ್ರಿ. ಗಾಲಿ ನಡುವ ಕುಂತೇ ಇಲ್ಲ. ನೀವು ಎಷ್ಟ್ ಬ್ಯಾಲೆನ್ಸ್ ಮಾಡಿಸಿದ್ರೂ ಅಷ್ಟ ರೀ." ಪಾಲಿಯೋ ಹಬ್ 58.1 ಮಿಮೀ. ಆ ಅಲಾಯ್‌ನ ನಡುತೂತು 73.1. ಈ ಅಂತರ ತುಂಬುವ ಹಬ್ ರಿಂಗ್ ತರಿಸಿ ಹಾಕಿದೆವು. ನಡುಕ ಅವತ್ತೇ ನಿಂತಿತು. ವಾಬಲ್ ಬೋಲ್ಟ್ ಹಾಕುವವರಿಗಂತೂ ಹಬ್ ರಿಂಗ್ ಬೇಕೇ ಬೇಕು. ಬೋಲ್ಟೇ ಅತ್ತಿತ್ತ ಸರಿಯುವಂಥದ್ದು, ಗಾಲಿಯನ್ನು ನಡುವೆ ಹಿಡಿಯಲು ಬೇರೆ ಏನಿದೆ?

ಇನ್ನು ಒಳಗಿನ 10 ಮಿಮೀ ವಿಚಾರ. ಮುಂದಿನ ಗಾಲಿಯ ಒಳಬದಿಗೆ ಸ್ಟ್ರಟ್ ಇದೆ, ಅಂದರೆ ಸ್ಪ್ರಿಂಗ್ ಕೂರುವ ಶಾಕ್ ಅಬ್ಸಾರ್ಬರಿನ ಕಂಬ. ಅಲ್ಲಿಗೂ ಟೈರಿಗೂ ಎಷ್ಟು ಜಾಗ ಉಳಿದಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅಡಿಗೆ ಮನೆಯಿಂದ ಚಪಾತಿಯ ಕಣಕ ತಂದು ನಾಲ್ಕು ಉಂಡೆ ಮಾಡಿ ಸ್ಟ್ರಟ್‌ಗೆ ಅಂಟಿಸಿದೆ. ಗಾಲಿ ಕೂರಿಸಿ, ಸ್ಟೀರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ, ಮತ್ತೆ ಬಿಚ್ಚಿ ನೋಡಿದೆ. ಒತ್ತಿದ ಉಂಡೆಯ ದಪ್ಪ ಆರು ಮಿಮೀ ಇತ್ತು. ಮೂರಕ್ಕಿಂತ ಕಡಿಮೆ ಇದ್ದಿದ್ದರೆ ಹಾಕುತ್ತಿರಲಿಲ್ಲ.

ಈ ಎರಡನೇ ಸೆಟ್ ಕೊಟ್ಟ ಖುಷಿಯನ್ನು ಹೇಳಲೇಬೇಕು. ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೋಗುವ ದಾರಿಯಲ್ಲಿ ಕಾಡು ಶುರುವಾಗುತ್ತದೆ, ತಿರುವುಗಳು ಬರುತ್ತವೆ. ಅಲ್ಲಿ ಹಳೆ 175 ಟೈರಿನಲ್ಲಿ ಗಾಡಿ ಮೊದಲು ವಾಲುತ್ತಿತ್ತು, ಆಮೇಲೆ ತಿರುಗುತ್ತಿತ್ತು. 195/50ರಲ್ಲಿ ಕೈ ತಿರುಗಿಸಿದ ತಕ್ಷಣ ಮೂಗು ತಿರುಗಿತು. ಇಪ್ಪತ್ತು ವರ್ಷದ ಗಾಡಿ ಇಷ್ಟು ಚುರುಕಾಗಿ ತಿರುಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಅವತ್ತು ಯಲ್ಲಾಪುರದಲ್ಲಿ ಚಹಾ ಕುಡಿದು ಸುಮ್ನೆ ಮತ್ತೆ ಅದೇ ದಾರಿಯಲ್ಲಿ ವಾಪಸ್ ಬಂದೆ.

ಆದರೆ ನಾನು ದಿನಾ ಓಡಿಸುವುದು ಆ ರಸ್ತೆಯಲ್ಲಿ ಅಲ್ಲ. ವಾರಕ್ಕೆ ಮೂರು ಸಲ ಅಣ್ಣಿಗೇರಿ ಮೇಲೆ ಗದಗಿಗೆ ಹೋಗುತ್ತೇನೆ. ಆ ಕಡೆಯೆಲ್ಲ ಎರೆ ಭೂಮಿ. ಮಳೆಗಾಲದಲ್ಲಿ ಎರೆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಅದರ ಮೇಲಿನ ರಸ್ತೆ ಎಷ್ಟು ಚೆನ್ನಾಗಿ ಹಾಕಿದರೂ ಕೆಲವು ವರ್ಷಕ್ಕೆ ಅಲೆ ಅಲೆಯಾಗುತ್ತದೆ, ಅಂಚು ಕುಸಿಯುತ್ತದೆ. 175/65 ಟೈರಿನ ಪಕ್ಕದ ಎತ್ತರ ಸುಮಾರು 114 ಮಿಮೀ, 185/60ರದು 111. 195/50ಕ್ಕೆ ಬಂದರೆ ಅದು 97.5. ಹೊಡೆತ ನುಂಗುವ ರಬ್ಬರ್ ಅಷ್ಟು ಕಡಿಮೆ. ನಾಲ್ಕನೇ ತಿಂಗಳಲ್ಲಿ ಒಂದು ಗುಂಡಿಗೆ ಬಲಗಡೆಯ ಮುಂದಿನ ರಿಮ್ ಒಳಅಂಚು ಸೊಟ್ಟಗಾಯಿತು. ಬಡಿದು ನೇರ ಮಾಡಿಸಿಕೊಂಡೆ. ಅಲಾಯ್ ಬಡಿದ ಜಾಗದಲ್ಲಿ ಮುಂದೆ ಬಿರುಕು ಬಿಡಬಹುದು. ಹಾಗಾಗಿ ಆ ಗಾಲಿಯನ್ನು ಆಮೇಲೆ ಸ್ಟೆಪ್ನಿ ಮಾಡಿಬಿಟ್ಟೆ, ಇನ್ನೊಂದನ್ನು ಹುಡುಕಿ ತಂದೆ.

ತೂಕವನ್ನೂ ನೋಡಿದೆ. ಅಮರಗೋಳ ಎಪಿಎಂಸಿಯಲ್ಲಿ ಪರಿಚಯದ ಅಡತಿ ಅಂಗಡಿಯ ತಕ್ಕಡಿಯ ಮೇಲೆ ಟೈರ್ ಸಮೇತ ಇಟ್ಟಾಗ ಮೊದಲನೇ ಸೆಟ್ಟಿನದು 14 ಕೆಜಿ ಬಂತು, ಎರಡನೆಯದು 17. ಗಾಲಿಗೆ ಮೂರು ಕೆಜಿ. ಮೂರು ಕೆಜಿಯ ಚೀಲ ಡಿಕ್ಕಿಯಲ್ಲಿದ್ದರೆ ಗೊತ್ತೂ ಆಗುವುದಿಲ್ಲ. ತಿರುಗುವ ಗಾಲಿಯಲ್ಲಿ ಇದ್ದರೆ ಸಿಗ್ನಲ್‌ನಿಂದ ಗಾಡಿ ಎತ್ತುವಾಗಲೂ, ಹಂಪ್ ಮೇಲೆ ಹತ್ತಿ ಇಳಿಯುವಾಗಲೂ ಗೊತ್ತಾಗುತ್ತದೆ.

ಮೂರನೇ ಸೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಂತಾಗ ಅದರಷ್ಟು ಚೆಂದ ಬೇರೆ ಯಾವುದೂ ಕಾಣಲಿಲ್ಲ, ಅದು ನಿಜ. ಉಣಕಲ್ ಕೆರೆ ಪಕ್ಕ ನಿಲ್ಲಿಸಿ ಫೋಟೋ ತೆಗೆದುಕೊಂಡೆ. ಆದರೆ ಟೈರ್ ಮಡ್‌ಗಾರ್ಡಿನಿಂದ ಆಚೆ ಬಂದಿತ್ತು. ಮನೆಯವರೆಲ್ಲ ಕೂತು ನುಗ್ಗಿಕೇರಿಗೆ ಹೊರಟಾಗ ಪ್ರತಿ ಹಂಪಿಗೂ ಹಿಂದೆ ಕರ್ ಅಂತ ಸದ್ದು. ಮಡ್‌ಗಾರ್ಡಿನ ಅಂಚನ್ನು ಹೀಟ್ ಗನ್‌ನಿಂದ ಕಾಯಿಸಿ ಒಳಗೆ ಮಡಚಬಹುದು. ಆದರೆ ಹಳೆ ಬಣ್ಣ ಬಿರಿಯುತ್ತದೆ, ಬಿರಿದ ಕಡೆ ತುಕ್ಕು ಹಿಡಿಯುತ್ತದೆ. ನನಗೆ ಮನಸ್ಸು ಬರಲಿಲ್ಲ. ಬೈಪಾಸ್‌ನಲ್ಲಿ ಲಾರಿಗಳ ಜಾಡು ಬಿದ್ದ ಕಡೆ ಸ್ಟೀರಿಂಗ್ ತಾನಾಗಿಯೇ ಜಾಡಿನ ಕಡೆ ಎಳೆಯುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಧಾರವಾಡ ಮುಟ್ಟಬೇಕಾಯಿತು. ಮಳೆಯಲ್ಲಿ ನಿಂತ ನೀರಿನ ಮೇಲೆ ಅಗಲ ಟೈರ್ ಬೇಗ ತೇಲುತ್ತದೆ, ಆ ಎರಡು ವಾರದಲ್ಲಿ ಅದನ್ನೂ ಒಮ್ಮೆ ಕಂಡೆ. ಕಾಕಾ ನೋಡಿದ ಕೂಡಲೇ ಹೇಳಿದ್ದರು: "ಗಾಲಿ ಹೊರಗ ಬಂದಷ್ಟೂ ಬೇರಿಂಗ್ ಮ್ಯಾಲೆ ಭಾರ ಬೀಳತೈತ್ರಿ ಸರ್ರ. ಹಳೇ ಗಾಡಿ, ಪಾಪ."

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ತಪಾಸಣೆ ಇರುತ್ತದೆ. ಟೈರ್ ಆಚೆ ಚಾಚಿಕೊಂಡ ಗಾಡಿ ಅಲ್ಲಿ ನಿಲ್ಲುವುದಿಲ್ಲ. ವಿಮೆ ಕ್ಲೇಮ್ ಮಾಡುವಾಗಲೂ ಪ್ರಶ್ನೆ ಏಳಬಹುದು. ನೀವು ಯಾವುದೇ ಸೆಟ್ ಆರಿಸಿ, ಹಳೆ ಗಾಲಿಗಳನ್ನು ಮಾತ್ರ ಮಾರಬೇಡಿ, ತಪಾಸಣೆಗೆ ಬೇಕಾದೀತು.

ಈಗ ನನ್ನ ಗಾಡಿಯಲ್ಲಿರುವುದು ಮೊದಲನೇ ಸೆಟ್. 4x98 ತೂತೇ ಇರುವ ಅಲಾಯ್ ಸಿಗಲು ಐದು ತಿಂಗಳು ಹುಡುಕಿದೆ, ಸಾರ್ಥಕವಾಯಿತು. ವಾಬಲ್ ಬೋಲ್ಟ್ ಬೇಡ, ಸ್ಟ್ರಟ್ ತಾಗುವ ಚಿಂತೆ ಬೇಡ. ಟೈರಿನ ಹೊರವ್ಯಾಸ 583 ಮಿಮೀ ಇದ್ದದ್ದು 578ಕ್ಕೆ ಇಳಿದಿದೆ. ಶೇಕಡಾ ಒಂದರಷ್ಟು ವ್ಯತ್ಯಾಸ, ಸ್ಪೀಡೋಮೀಟರ್‌ನಲ್ಲಿ ಗೊತ್ತಾಗುವುದಿಲ್ಲ. ತಿರುವಿನಲ್ಲಿ 195/50ರಷ್ಟು ಚುರುಕಿಲ್ಲ, ಒಪ್ಪುತ್ತೇನೆ. ಹಳೆ 175ಕ್ಕಿಂತ ಎಷ್ಟೋ ಮೇಲು. ಗದಗಿಗೆ ಹೋಗಿ ಬಂದರೆ ಸೊಂಟ ನೋಯುವುದಿಲ್ಲ. ಹಾಕಿಸಿ 50 ಕಿಮೀ ಓಡಿಸಿ ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ ಇನ್ನೊಮ್ಮೆ ನೋಡಿದೆ. ಒಂದೂ ಸಡಿಲವಾಗಿರಲಿಲ್ಲ.

15 ಇಂಚಿನ ಸೆಟ್ಟನ್ನು, ಸೊಟ್ಟಗಾದ ಒಂದನ್ನು ಬಿಟ್ಟು, ಹಳೆ ಹೋಂಡಾ ಸಿಟಿ ಇಟ್ಟುಕೊಂಡ ವಿದ್ಯಾಗಿರಿಯ ಅಣ್ಣ ಒಬ್ಬರು ಕೊಂಡರು. ಸಿಟಿಯ ಪಿಸಿಡಿ 4x100, ಬೋಲ್ಟಿನ ತೊಂದರೆಯೇ ಬರಲಿಲ್ಲ. 56.1ರ ಹಬ್ ರಿಂಗ್ ಮಾತ್ರ ಬೇರೆ ತರಿಸಬೇಕಾಯಿತು.